ಅನ್ನ ಬಿಡು ತಮ್ಮಾ, ಪಲ್ಲೆ ಬಿಡಬೇಡ

ಅನ್ನ ಬಿಟ್ಟಿದ್ದೀಯಂತೆ. ಒಳ್ಳೆಯದು. ಸಕ್ಕರೆ ಬಿಟ್ಟೆಯಂತೆ, ಇನ್ನೂ ಒಳ್ಳೆಯದು. ರೊಟ್ಟಿಯನ್ನೂ ಬಿಟ್ಟ ಅಂದರು. ಆಗಲಿ, ವಯಸ್ಸಿನ ಹುರುಪು ಅಂದುಕೊಂಡೆ. ಆದರೆ ಪುಂಡಿಪಲ್ಲೆ ಯಾಕಪ್ಪಾ ಬಿಟ್ಟೆ? ಅದು ನಿನಗೇನು ಮಾಡಿತ್ತು? ಸೌತಿಕಾಯಿ, ಹಕ್ಕರಿಕಿ, ಮೆಂತ್ಯ, ತಾಟಿನ ಅಂಚಿಗೆ ತೆಪ್ಪಗೆ ಕೂತಿರುತ್ತಿದ್ದ ಹಸಿ ಉಳ್ಳಾಗಡ್ಡಿ, ಎಲ್ಲವನ್ನೂ ಒಂದೇ ದಿನ ಮನೆ ಬಿಡಿಸಿದೆಯಂತೆ. ಈಗ ನಿನ್ನ ತಾಟಿನಲ್ಲಿ ಮಟನ್ನು, ಕೋಳಿ, ಮೊಟ್ಟೆ, ತುಪ್ಪ. ನಿಮ್ಮವ್ವ ಕೇಳಿದರೆ, ‘ಮನುಷ್ಯಾಗ ನಾರು ಬೇಕಾಗೇ ಇಲ್ಲ ಬೇ’ ಅನ್ನುತ್ತೀಯಂತೆ. ಫೋನಿನಲ್ಲಿ ತೋಳು ಉಬ್ಬಿಸಿಕೊಂಡ ಯಾವನೋ ಪುಣ್ಯಾತ್ಮ ಹೇಳಿದನಂತೆ.

ಬೈಯಲು ಕೂತಿಲ್ಲ, ಗಾಬರಿಯಾಗಬೇಡ. ಸಿಂಧನೂರಿನಲ್ಲಿ ನಿನ್ನ ವಯಸ್ಸಿನ ಹುಡುಗರು ರಾತ್ರಿ ಹನ್ನೊಂದಕ್ಕೆ ಎಗ್ ರೈಸ್ ಗಾಡಿಯ ಮುಂದೆ ನಿಂತಿರುವಾಗ ನೀನು ಜಿಮ್ಮಿಗೆ ಹೋಗುತ್ತೀ, ಬಾಯಿ ಕಟ್ಟುತ್ತೀ. ಇದು ಸಣ್ಣ ಗುಣವಲ್ಲ. ನಿನ್ನ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಕೇಳುವಷ್ಟು ಹೊತ್ತು ನೀನು ಕೂರಲಿಲ್ಲ, ಅಷ್ಟೇ. ಈಗ ಕೂರು.

ಮೊದಲು ನಾಚಿಕೆ ಬಿಟ್ಟು ಮಾತಾಡೋಣ. ನಮ್ಮ ಕಾಲದಲ್ಲಿ ಬೆಳಗಿನ ಜಾವ ತಂಬಿಗೆ ಹಿಡಿದು ಹೋಗಿ ಬರುವುದು ಒಂದು ಬೀಡಿ ಸೇದಿ ಮುಗಿಸುವಷ್ಟರ ಕೆಲಸ. ನೀನು ಫೋನು ಹಿಡಿದು ಒಳಗೆ ಹೋದರೆ ಮನೆಯವರು ಬಾಗಿಲು ಬಡಿಯಬೇಕು. ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ, ಅದೂ ತಿಣುಕಿ. ಹೀಗೇ ಬಿಟ್ಟರೆ ಮೂಲವ್ಯಾಧಿಗೆ ನೀನೇ ವೀಳ್ಯ ಕೊಟ್ಟಂತೆ. ಇದು ನಿನ್ನೊಬ್ಬನ ಕಥೆಯೂ ಅಲ್ಲ. ಮೂರ್ಛೆರೋಗದ ಮಕ್ಕಳಿಗೆ ಕೊಬ್ಬು ಹೆಚ್ಚಿಸಿ ಪಿಷ್ಟ ಕಡಿಮೆ ಮಾಡುವ ಕೀಟೋ ಪಥ್ಯವನ್ನು 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ರಸೆಲ್ ವೈಲ್ಡರ್ ಎಂಬ ವೈದ್ಯ ಸೂಚಿಸಿದ. ಇಂದಿಗೂ ಅದನ್ನು ಕೊಡುವ ಡಾಕ್ಟರುಗಳು ತಾಯಂದಿರಿಗೆ ಮುಂಚೆಯೇ ಹೇಳಿಬಿಡುವ ತೊಂದರೆಗಳಲ್ಲಿ ಹೊಟ್ಟೆ ಕಟ್ಟುವುದೂ ಒಂದು.

ಈಗ ನಿನ್ನ ಕಡೆಯ ವಾದ. ಅದನ್ನು ನಿನಗಿಂತ ಚೆನ್ನಾಗಿ ನಾನೇ ಹೇಳುತ್ತೇನೆ, ಕೇಳು. ಗಿಡಮರಗಳಿಂದ ಬಂದ ಆಹಾರದಲ್ಲಿ ನಮ್ಮ ಜಠರಕ್ಕೂ ಸಣ್ಣ ಕರುಳಿಗೂ ಅರಗಿಸಲಾಗದೆ ಉಳಿಯುವ ಭಾಗವೇ ನಾರು. ಸಿ ವಿಟಮಿನ್ ಇಲ್ಲದಿದ್ದರೆ ವಸಡಿನಲ್ಲಿ ರಕ್ತ ಬರುತ್ತದೆ, ಮನುಷ್ಯ ಸಾಯುತ್ತಾನೆ. ನಾರು ಇಲ್ಲ ಅಂತ ಹಾಗೆ ಯಾರೂ ಸಾಯುವುದಿಲ್ಲ. ಉತ್ತರಧ್ರುವದ ಕಡೆ ಇನ್ಯೂಟ್ ಜನರೊಂದಿಗೆ ವರ್ಷಗಟ್ಟಲೆ ಬದುಕಿ ಬಂದ ಸ್ಟೆಫಾನ್ಸನ್ ಎಂಬ ಅನ್ವೇಷಕ, ಅವನ ಜೊತೆಗಾರ ಆಂಡರ್ಸನ್, ಇಬ್ಬರೂ 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ಕಣ್ಗಾವಲಿನಲ್ಲಿ ಒಂದು ವರ್ಷ ಬರೀ ಮಾಂಸ ತಿಂದರು. ವರ್ಷದ ಕೊನೆಗೆ ಇಬ್ಬರೂ ಆರೋಗ್ಯವಾಗೇ ಇದ್ದರು. ಆದರೆ ಅವರು ತಿಂದದ್ದು ಯಾವ ಮಾಂಸ ಗೊತ್ತೇನು? ಖಂಡದ ಜೊತೆ ಈಲಿ, ಮೂತ್ರಪಿಂಡ, ಮೆದುಳು, ಮೂಳೆಯೊಳಗಿನ ಮಜ್ಜೆ, ಬೇಕಾದಷ್ಟು ಕೊಬ್ಬು. ಮೊದಮೊದಲು ಸ್ಟೆಫಾನ್ಸನ್‌ಗೆ ಕೊಬ್ಬಿಲ್ಲದ ಖಂಡ ಮಾತ್ರ ಕೊಟ್ಟು ನೋಡಿದರು. ಮೂರೇ ದಿನಕ್ಕೆ ಹೊಟ್ಟೆ ಕೆಟ್ಟು ಮಲಗಿದ. ನೀನು ಹೆಚ್ಚಾಗಿ ತಿನ್ನುವುದು ಚರ್ಮ ತೆಗೆದ ಬಾಯ್ಲರ್ ಕೋಳಿಯ ಎದೆಭಾಗ. ಈಲಿ ಕಂಡರೆ ಮೂಗು ಮುರಿಯುತ್ತೀ, ಬೋಟಿ ಮಾಡಿದ ದಿನ ಮನೆಗೇ ಬರುವುದಿಲ್ಲ. ಸ್ಟೆಫಾನ್ಸನ್ ಹೆಸರು ಹೇಳುವ ಮೊದಲು ಅವನ ತಾಟು ನೋಡು.

ನಿನ್ನ ಪರವಾಗಿ ಇನ್ನೊಂದು ಸಾಕ್ಷಿಯನ್ನೂ ಮುಚ್ಚಿಡುವುದಿಲ್ಲ. 2012ರಲ್ಲಿ ಸಿಂಗಪುರದ ವೈದ್ಯರು, ಕಾರಣ ತಿಳಿಯದೆ ಹೊಟ್ಟೆ ಕಟ್ಟಿ ಒದ್ದಾಡುತ್ತಿದ್ದ 63 ಜನರಿಗೆ ನಾರು ನಿಲ್ಲಿಸಿ ನೋಡಿದರು. ಪೂರ್ತಿ ನಿಲ್ಲಿಸಿದವರಿಗೆ ಆರಾಮಾಯಿತು. ಇದು ನಿಜ. ಕೆಲವರ ಕರುಳು ಹಾಗಿರುತ್ತದೆ. ನಾರು ತಿಂದಷ್ಟೂ ಉಬ್ಬರ, ಗುಡುಗುಡು. ಕರುಳಿನ ಆಪರೇಷನ್ ಆದವರಿಗೂ ಡಾಕ್ಟರೇ ಕೆಲವು ದಿನ ನಾರು ಬೇಡ ಅನ್ನುತ್ತಾರೆ. ಆದ್ದರಿಂದ ‘ನಾರು ತಿಂದಷ್ಟೂ ಪುಣ್ಯ’ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಆದರೆ ತಮ್ಮಾ, ಆ 63 ಜನ ಕಾಯಿಲೆ ಇದ್ದವರು. ಪುಂಡಿಪಲ್ಲೆ ತಿನ್ನುವಾಗ ನಿನಗೆ ಯಾವ ಕಾಯಿಲೆ ಇತ್ತು? ಬಿಟ್ಟ ಮೇಲೆಯೇ ತಾನೆ ಬಾಗಿಲು ಬಡಿಯುವ ಪರಿಸ್ಥಿತಿ ಬಂದದ್ದು?

ಇನ್ನು ಆ ಕಡೆಯ ತೂಕ ನೋಡು. ಉಗಾಂಡದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಡೆನಿಸ್ ಬರ್ಕಿಟ್ ಎಂಬ ಐರಿಷ್ ಶಸ್ತ್ರವೈದ್ಯ ಇದ್ದ. ಹಳ್ಳಿ ಜನ ತಿಂದದ್ದು ಎಷ್ಟು ಬೇಗ ಹೊರಬೀಳುತ್ತದೆ, ಎಷ್ಟು ತೂಗುತ್ತದೆ ಎಂದು ಅಳೆದು, 1972ರಲ್ಲಿ ತನ್ನ ಜೊತೆಗಾರರೊಂದಿಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. ನಗಬೇಡ, ಅದೂ ವಿಜ್ಞಾನವೇ. ಬ್ರಿಟಿಷರ ಹೊಟ್ಟೆಯಲ್ಲಿ ತಿಂದದ್ದು ಎಷ್ಟೋ ಹೆಚ್ಚು ಹೊತ್ತು ಕೂತಿರುತ್ತಿತ್ತು, ಬೀಳುವುದು ಎಷ್ಟೋ ಕಡಿಮೆ. ಅವನು ಹೇಳಿದ್ದೆಲ್ಲವೂ ಮುಂದೆ ಹಾಗೇ ನಿಲ್ಲಲಿಲ್ಲ. ಆದರೆ 2019ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಕಂಡದ್ದು ಇದು: ನಾರು ಹೆಚ್ಚು ತಿನ್ನುವವರಲ್ಲಿ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ದೊಡ್ಡ ಕರುಳಿನ ಕ್ಯಾನ್ಸರ್, ಸಾವು, ಎಲ್ಲವೂ ತೀರಾ ಕಡಿಮೆ ತಿನ್ನುವವರಿಗಿಂತ ಶೇ. 15ರಿಂದ 30ರಷ್ಟು ಕಡಿಮೆ. ಬರೀ ಮಾಂಸದ ಪಥ್ಯವನ್ನು ಇಪ್ಪತ್ತು ವರ್ಷ ಮಾಡಿದವರನ್ನು ಹೀಗೆ ಲೆಕ್ಕ ಹಾಕಿ ನೋಡಿದ ಅಧ್ಯಯನ ಒಂದೂ ಇಲ್ಲ. ನಿನ್ನ ಫೋನಿನ ಪೈಲ್ವಾನ ಹೇಳುವುದು ಅವನೊಬ್ಬನ ತೋಳಿನ ಕಥೆ.

ಈಗ ನಮ್ಮ ಸೀಮೆಯ ಕುರಿಯ ಹತ್ತಿರ ಬಾ. ಲಿಂಗಸುಗೂರು, ಸಿಂಧನೂರು, ಗಂಗಾವತಿ ಕಡೆಯ ಕೆಂಗುರಿಗೆ ದೇಶದ ಕುರಿತಳಿಗಳ ಪಟ್ಟಿಯಲ್ಲೇ ಜಾಗವಿದೆ. ಮಾಂಸಕ್ಕೆ ಹೆಸರಾದ ತಳಿ. ನೀನು ತಿನ್ನುವ ಮಟನ್ನು ಅದರದೇ. ಅದು ತಿನ್ನುವುದೇನು? ಒಣ ಸೊಪ್ಪೆ, ಕರಿಕೆ, ಜಾಲಿಕಾಯಿ. ಅಷ್ಟೂ ನಾರು. ಅದರ ಹೊಟ್ಟೆಯೊಳಗೆ ಕೋಟ್ಯಂತರ ಸೂಕ್ಷ್ಮಜೀವಿಗಳು ಕೂತು ಆ ನಾರನ್ನು ಕೊಳೆಸಿ ಸಣ್ಣ ಸಣ್ಣ ಕೊಬ್ಬಿನಾಮ್ಲಗಳನ್ನಾಗಿ ಮಾಡುತ್ತವೆ, ಕುರಿ ಅದರಿಂದಲೇ ಮೈಗೂಡುತ್ತದೆ. ಅದೇ ಕೆಲಸ ಸಣ್ಣ ಪ್ರಮಾಣದಲ್ಲಿ ನಿನ್ನ ದೊಡ್ಡ ಕರುಳಿನಲ್ಲೂ ನಡೆಯುತ್ತದೆ, ಹೊರಬರುವುದೂ ಅದೇ ಜಾತಿಯ ಆಮ್ಲಗಳು. ಅವುಗಳಲ್ಲಿ ಬ್ಯುಟಿರೇಟ್ ಎಂಬುದನ್ನು ಕರುಳಿನ ಒಳಗೋಡೆಯ ಜೀವಕೋಶಗಳೇ ಮುಖ್ಯ ಆಹಾರವಾಗಿ ಉಣ್ಣುತ್ತವೆ. ನಾರು ನಿಲ್ಲಿಸಿದರೆ ಆ ಸೂಕ್ಷ್ಮಜೀವಿಗಳು ಉಪವಾಸ ಕೂರುವುದಿಲ್ಲ. 2016ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ನಾರು ಸಿಗದಾದಾಗ ಅವು ಕರುಳಿಗೆ ಕಾವಲಾಗಿದ್ದ ಲೋಳೆಪದರವನ್ನೇ ಮೇಯಲು ಶುರುಮಾಡಿದವು. ಇಲಿ ಬೇರೆ, ಮನುಷ್ಯ ಬೇರೆ, ಒಪ್ಪಿದೆ. ಆದರೂ ಹಸಿದವರನ್ನು ಒಳಗಿಟ್ಟುಕೊಂಡು ಬಾಗಿಲು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಆ ಕುರಿಗಳ ಯಜಮಾನನನ್ನು ನೋಡಿದ್ದೀಯಾ? ನೂರಾರು ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹಟ್ಟಿ ಹಾಕುತ್ತಾ ಹೋಗುವ ಕುರಿಗಾರ. ಮಾಂಸ ಅವನ ಕೈಯಳತೆಯಲ್ಲೇ ಇದೆ, ದಿನಾ ಕೊಯ್ಯಬಹುದು. ಅವನ ಬುತ್ತಿ ಬಿಚ್ಚಿಸಿ ನೋಡು. ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಮೇಲೆ ಹಾಲೋ ಮಜ್ಜಿಗೆಯೋ. ಮಾಂಸ ದ್ಯಾವರಿಗೆ, ಜಾತ್ರೆಗೆ, ಬೀಗರು ಬಂದಾಗ. ಅವನ ಮೈಯಲ್ಲಿ ಬೊಜ್ಜಿಲ್ಲ, ಬೆಳಗಿನಿಂದ ಸಂಜೆತನಕ ನಡೆಯುತ್ತಾನೆ. ಬಡತನಕ್ಕೆ ಹಾಗೆ ತಿನ್ನುತ್ತಾನೆ ಅನ್ನುತ್ತೀಯೇನೋ, ಇರಬಹುದು. ಆದರೆ ದ್ಯಾವರ ದಿನ, ಎಷ್ಟು ಬೇಕಾದರೂ ತಿನ್ನಬಹುದಾದ ದಿನವೂ, ಅವನ ತಾಟಿನಲ್ಲಿ ಖಂಡದ ಪಕ್ಕಕ್ಕೆ ಸಜ್ಜಿ ರೊಟ್ಟಿ, ಹಸಿ ಉಳ್ಳಾಗಡ್ಡಿ, ನಿಂಬೆಹೋಳು ಇದ್ದೇ ಇರುತ್ತವೆ. ನಮ್ಮ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳ, ಅಂದರೆ ಪುನರ್ವಸತಿ ಕ್ಯಾಂಪುಗಳ, ಬಂಗಾಲಿಗಳನ್ನೇ ನೋಡು. ಮೀನಿಲ್ಲದೆ ಅವರ ಮನಸ್ಸು ನಿಲ್ಲದು, ಆದರೆ ಮೀನಿನ ಜೊತೆ ಸೊಪ್ಪು ಕಾಯಿಪಲ್ಲೆ ಬೇಯದ ದಿನವೂ ಅಲ್ಲಿಲ್ಲ.

‘ಶಿಲಾಯುಗದ ಮನುಷ್ಯ ಬರೀ ಮಾಂಸ ತಿಂತಿದ್ದ’ ಅಂತ ಒಂದು ಮಾತು ಹೇಳಿದೆಯಂತೆ. ಶಿಲಾಯುಗ ಹುಡುಕಲು ಅಮೆರಿಕದ ವಿಡಿಯೊ ಯಾಕೆ ನೋಡಬೇಕು, ನಮ್ಮ ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳಕ್ಕೆ ಬಸ್ಸು ಹತ್ತು. ಮುದಗಲ್ಲಿನ ಹತ್ತಿರ. ಆಲ್ಚಿನ್ ಎಂಬ ಇಂಗ್ಲಿಷ್ ಪುರಾತತ್ವಜ್ಞ ಅಗೆದು, 1960ರಲ್ಲಿ ಪುಸ್ತಕವನ್ನೇ ಬರೆದ ಜಾಗ. ಹೊಸ ಶಿಲಾಯುಗದ ದನಗಾಹಿಗಳ ನೆಲೆ ಅದು. ಕೃಷ್ಣೆಯ ಆಚೆ ಸುರಪುರದ ಬೂದಿಹಾಳದಲ್ಲಿ ದನ ಕೊಯ್ಯುತ್ತಿದ್ದ ಕಟ್ಟೆಯೇ ಮೂಳೆರಾಶಿಯ ಸಮೇತ ಸಿಕ್ಕಿದೆ. ಮಾಂಸ ತಿನ್ನುತ್ತಿದ್ದರು, ಧಾರಾಳವಾಗಿ ತಿನ್ನುತ್ತಿದ್ದರು. ಆದರೆ ದಕ್ಷಿಣದ ಈ ಕಾಲದ ನೆಲೆಗಳ ಮಣ್ಣನ್ನು ಸೋಸಿದವರಿಗೆ ಮೂಳೆಯ ಜೊತೆಗೇ ಸುಟ್ಟ ಕಾಳುಗಳೂ ಸಿಕ್ಕವು. ಹುರುಳಿ, ಹೆಸರು, ಕೊರಲೆ. ನಾಲ್ಕು ಸಾವಿರ ವರ್ಷದ ಹಿಂದಿನ ದನಗಾಹಿಯೂ ಹುರುಳಿ ಬೇಯಿಸಿಕೊಂಡ. ನೀನು ನಿಮ್ಮವ್ವನ ಹುರುಳಿಸಾರು ತಳ್ಳಿದೆ.

ಮಸ್ಕಿ ಹೆಸರು ಬರದೆ ಈ ಮಾತು ಮುಗಿಯುವುದಿಲ್ಲ. 1915ರಲ್ಲಿ ಚಿನ್ನ ಹುಡುಕಿಕೊಂಡು ಬಂದ ಬೀಡನ್ ಎಂಬ ಇಂಜಿನಿಯರಿಗೆ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಬರೆದ ಶಾಸನ ಸಿಕ್ಕಿತು, ಇದು ನಿನಗೆ ಶಾಲೆಯಲ್ಲೇ ಗೊತ್ತು. ಅದೇ ಅಶೋಕನ ಇನ್ನೊಂದು ಶಾಸನ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ, ಅದರಲ್ಲಿ ಅವನ ಅಡುಗೆಮನೆಯ ಲೆಕ್ಕವಿದೆ. ಮೊದಲು ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿ ಕೊಲ್ಲುತ್ತಿದ್ದರು, ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ, ಜಿಂಕೆಯೂ ದಿನಾ ಇಲ್ಲ, ಮುಂದೆ ಇವನ್ನೂ ಕೊಲ್ಲುವುದಿಲ್ಲ ಎಂಬುದು ಅದರ ಸಾರಾಂಶ. ಮಾಂಸ ಬಿಡು ಅಂತ ಹೇಳಲು ಇದನ್ನು ತರಲಿಲ್ಲ, ಹೆದರಬೇಡ. ಬಿಡುವುದನ್ನು ಚಕ್ರವರ್ತಿಯೇ ಮೆಟ್ಟಿಲು ಮೆಟ್ಟಿಲಾಗಿ ಬಿಟ್ಟ. ನೀನು ಒಂದು ಸೋಮವಾರ ಬೆಳಿಗ್ಗೆ ಎದ್ದು ಹೊಲದಲ್ಲಿ ಬೆಳೆಯುವುದನ್ನೆಲ್ಲ ಬಿಟ್ಟುಬಿಟ್ಟೆ. ಈ ಅವಸರ ಸ್ಪ್ಲೆಂಡರ್ ಓಡಿಸುವಾಗಲೂ ಇದೆ, ಸಾಲ ಮಾಡುವಾಗಲೂ ಇದೆ, ಊಟದಲ್ಲೂ ಇದೆ.

ನಿನ್ನ ನಿಜವಾದ ಜಗಳ ಯಾರ ಜೊತೆ, ಅದನ್ನು ಗುರುತಿಸು. ತುಂಗಭದ್ರಾ ಎಡದಂಡೆ ನಾಲೆ ಬರುವ ಮೊದಲು ಈ ಸೀಮೆಯಲ್ಲಿ ಅನ್ನ ಅಂದರೆ ಹಬ್ಬ, ಬೀಗರು, ಇಲ್ಲವೇ ಜ್ವರ. ಎರಿಹೊಲದ ಬಿಳಿಜೋಳ, ಮಸಾರಿಯ ಸಜ್ಜಿ ನವಣಿ, ಇವೇ ದಿನದ ಊಟ. 1950ರ ದಶಕದಲ್ಲಿ ನೀರು ಬಂತು, ಆಂಧ್ರದಿಂದ ರೈತರು ಬಂದು ಕ್ಯಾಂಪು ಕಟ್ಟಿದರು, ಭತ್ತ ಬಂತು, ಅಕ್ಕಿ ಮಿಲ್ಲುಗಳು ಬಂದವು. ಸಿಂಧನೂರಿಗೆ ದುಡ್ಡು ಬಂತು, ಅದನ್ನು ಅಲ್ಲಗಳೆಯಲಾರೆ. ನಿನ್ನ ಜಿಮ್ಮಿನ ಫೀಜೂ ಸೋನಾ ಮಸೂರಿಯದೇ. ಆದರೆ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ಸಂಜೆ ಮಂಡಕ್ಕಿ ಒಗ್ಗರಣೆ ಮಿರ್ಚಿ, ರಾತ್ರಿ ಮತ್ತೆ ಅನ್ನ ಅಂತಾಯಿತು. ನಡೆಯುವುದು ನಿಂತಿತು. ದೇಶದಲ್ಲಿ 10 ಕೋಟಿ ಮೀರಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಎಂದು ಐಸಿಎಂಆರ್ ನಡೆಸಿದ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಹೇಳಿತು. ಪಿಷ್ಟ ಕಡಿಮೆ ಮಾಡಬೇಕು ಎಂಬ ನಿನ್ನ ಬುದ್ಧಿ ಅದಕ್ಕೇ ಸರಿ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಪಟ್ಟಿ ತೆಗೆದು ನೋಡು. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು ಸುಮಾರು 3 ಗ್ರಾಂ, ಜೋಳದಲ್ಲಿ 10, ಸಜ್ಜಿಯಲ್ಲಿ 11, ಹೆಸರುಕಾಳಿನಲ್ಲಿ 17. ಮಟನ್ನು, ಕೋಳಿ, ಮೊಟ್ಟೆಯಲ್ಲಿ ಸೊನ್ನೆ. ಹಿಟ್ಟು ಕಡಿಮೆ ಮಾಡುವುದು ಒಂದು ಮಾತು, ಎಲೆಯನ್ನೂ ಕಾಯಿಯನ್ನೂ ಹೊರಗೆ ಹಾಕುವುದು ಇನ್ನೊಂದು ಮಾತು. ನೀನು ಎರಡನ್ನೂ ಗಂಟು ಹಾಕಿದೆ.

ಸರಿ, ಹಾಗಾದರೆ ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದು, ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ, ಅದೂ ಆಹಾರದಲ್ಲೇ ಇರುವ ನಾರು. ನಿನ್ನ ಪಥ್ಯ ಮುರಿಯದೆ ಇದು ಆಗುತ್ತದೋ ಇಲ್ಲವೋ, ನಿಮ್ಮವ್ವನ ಒಲೆಯ ಮುಂದೆಯೇ ಲೆಕ್ಕ ಹಾಕೋಣ. ಎರಡು ಹೊತ್ತಿಗೆ ಸೇರಿ ಕಾಲು ಕಿಲೋಕ್ಕಿಂತ ತುಸು ಕಡಿಮೆ ಮೆಂತ್ಯವೋ ರಾಜಗಿರಿಯೋ ಬೆಂದರೆ 8–9 ಗ್ರಾಂ. ಒಂದು ಹಿಡಿ ಚವಳಿಕಾಯಿ, ಬೆಂಗಳೂರಿನವರು ಗೋರಿಕಾಯಿ ಅನ್ನುವುದು, ನೂರು ಗ್ರಾಂಗೆ ಸುಮಾರು 5. ಅದರ ಬೀಜದ ಅಂಟನ್ನೇ ಗೌರ್ ಗಮ್ ಅಂತ ಕಾರ್ಖಾನೆಯವರು ಐಸ್‌ಕ್ರೀಮಿಗೆ ಹಾಕುತ್ತಾರೆ. ಕರಗುವ ಜಾತಿಯ ನಾರು, ಕೊಲೆಸ್ಟ್ರಾಲಿಗೂ ಒಳ್ಳೆಯದು. ಅಗಸಿ ಹಿಂಡಿ ಎರಡು ಚಮಚೆ ಗಟ್ಟಿಯಾಗಿ ಹಾಕಿಕೊಂಡರೆ ಇನ್ನೊಂದು 5. ಅಗಸಿಯನ್ನು ಇಡಿಯಾಗಿ ನುಂಗಬೇಡ, ಹೋದ ಹಾಗೇ ಹೊರಗೆ ಬರುತ್ತದೆ, ಹುರಿದು ಕುಟ್ಟಿದ್ದೇ ಸರಿ. ಇಷ್ಟರಲ್ಲೇ 18–19 ಆಯಿತು, ಪಿಷ್ಟ ಹೆಚ್ಚೇನೂ ಹೋಗಲಿಲ್ಲ. ಮೇಲೆ ಒಂದೇ ಒಂದು ಜೋಳದ ರೊಟ್ಟಿ, ಸೌತಿಕಾಯಿ, ಉಳ್ಳಾಗಡ್ಡಿ. ಮುಗಿಯಿತು ನಿನ್ನ 25. ಒಂದು ರೊಟ್ಟಿಗೆ ನಿನ್ನ ಪೈಲ್ವಾನ ಮುನಿಸಿಕೊಂಡರೆ ನನ್ನ ಹೆಸರು ಹೇಳು.

ನಾರೇ ಬೇಡ ಅಂದವನು ಏಳುನೂರು ರೂಪಾಯಿಯ ನಾರಿನ ಪುಡಿಯ ಡಬ್ಬಿ ತರಿಸಿದ್ದೀಯಂತೆ. ಹೊಲದ ಬದುವಿನಲ್ಲಿ ಪುಕ್ಕಟೆ ಸಿಗುವ ಸೊಪ್ಪನ್ನು ಬೇಡ ಅಂದು, ಅದನ್ನೇ ಒಣಗಿಸಿ ಡಬ್ಬಿಗೆ ತುಂಬಿದವರಿಗೆ ಆನ್‌ಲೈನಿನಲ್ಲಿ ದುಡ್ಡು ಕಟ್ಟುವ ಬುದ್ಧಿವಂತಿಕೆಗೆ ಏನು ಹೇಳಲಿ! ತೀರಾ ಕಟ್ಟಿಕೊಂಡ ದಿನ ಇಸಬಗೋಲು ಒಂದು ಚಮಚೆ ತಗೋ, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ತುಂಬಿದ ಗ್ಲಾಸು ನೀರಿನ ಜೊತೆ. ನೀರು ಕುಡಿಯದೆ ನುಂಗಿದರೆ ಗಂಟಲಲ್ಲೇ ಉಬ್ಬಿ ಕೂರುತ್ತದೆ, ಹುಷಾರು.

ನೀರಿನ ಮಾತು ಬಂತಲ್ಲ. ಮೊದಲ ವಾರ ಎರಡು ಮೂರು ಕಿಲೋ ಇಳಿದೆ ಅಂತ ಹಿಗ್ಗಿ ಊರಿಗೆಲ್ಲ ಹೇಳಿದೆ. ಅದರಲ್ಲಿ ಹೆಚ್ಚಿನದು ನೀರು. ಮೈ ಕೂಡಿಟ್ಟುಕೊಂಡ ಸಕ್ಕರೆಯ ಒಂದೊಂದು ಗ್ರಾಂ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ಪಿಷ್ಟ ನಿಲ್ಲಿಸಿದ ಕೂಡಲೇ ಎರಡೂ ಹೊರಡುತ್ತವೆ, ಹಿಂದೆಯೇ ಉಪ್ಪೂ ಹೋಗುತ್ತದೆ. ನ್ಯೂಯಾರ್ಕಿನ ಚಳಿಯಲ್ಲಿ ನಡೆದೀತು. ನಮ್ಮಲ್ಲಿ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ತಲೆ ಸುತ್ತುತ್ತದೆ, ಕಾಲು ಹಿಡಿಯುತ್ತದೆ ಅಂತ ಹೇಳುತ್ತಿದ್ದೆಯಲ್ಲ, ಅದು ಇದೇ. ಉಪ್ಪು ಹಾಕಿದ ಮಜ್ಜಿಗೆ ಕುಡಿ, ನೀರು ಕುಡಿ. ನಾರಿನ ಮಾತಿಗೂ ಇದೇ ನೀತಿ: ತಿಂಗಳುಗಟ್ಟಲೆ ಬಿಟ್ಟು ಈಗ ಒಂದೇ ದಿನ ಬುಟ್ಟಿ ಸೊಪ್ಪು ತಿಂದರೆ ಹೊಟ್ಟೆ ಡೊಳ್ಳಾಗುತ್ತದೆ, ಆಮೇಲೆ ‘ತಾತ ಹೇಳಿದ್ದು ಸುಳ್ಳು’ ಅನ್ನುತ್ತೀ. ಈ ವಾರ ಉಳ್ಳಾಗಡ್ಡಿ ಸೌತಿಕಾಯಿ, ಮುಂದಿನ ವಾರ ಒಂದು ಹೊತ್ತು ಪಲ್ಲೆ, ಆಮೇಲೆ ಕಾಳು.

ಮಾಂಸವನ್ನು ನೀನು ಬಿಡಬೇಕಿಲ್ಲ. ಆದರೆ ಪ್ಯಾಕೆಟ್ಟಿನಲ್ಲಿ ಬರುವ ಸಾಸೇಜು, ಸಲಾಮಿ ಬೇಡ. ಸಂಸ್ಕರಿಸಿದ ಮಾಂಸ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳಿದೆ. ಪೇಟೆಯ ಕಟುಕರಂಗಡಿಯಲ್ಲಿ ಕಣ್ಣೆದುರಿಗೆ ಕೊಯ್ದದ್ದು ತಾ, ಈಲಿಯನ್ನೂ ತಿನ್ನಲು ಕಲಿ. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಕೊಲೆಸ್ಟ್ರಾಲ್ ನೋಡಿಸು. ತೋಳಿನ ಸುತ್ತಳತೆ ಮಾತ್ರ ಅಳೆಯಬೇಡ.

ಕೊನೆಯದಾಗಿ ಒಂದು, ಇದರಲ್ಲಿ ನನ್ನ ತಮಾಷೆ ಇಲ್ಲ. ನಿಮ್ಮಪ್ಪನಿಗೂ ಇದೇ ಪಥ್ಯ ಮಾಡಿಸುತ್ತೇನೆ ಅಂದೆಯಂತೆ. ಅವನು ಸಕ್ಕರೆ ಮಾತ್ರೆ ನುಂಗುವವನು. ಮಾತ್ರೆ ಹಾಗೇ ಇಟ್ಟು ಅನ್ನ ರೊಟ್ಟಿ ಒಮ್ಮೆಲೇ ನಿಲ್ಲಿಸಿದರೆ ಕೆಲವು ಮಾತ್ರೆಗಳಲ್ಲಿ ಸಕ್ಕರೆ ತೀರಾ ಇಳಿದು ಗದ್ದೆಯಲ್ಲೇ ಬಿದ್ದಾನು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಹೊಸ ಮಾತ್ರೆಗಳಲ್ಲಿ ಸಕ್ಕರೆ ಸರಿ ಇದ್ದಂತೆ ಕಂಡರೂ ರಕ್ತ ಹುಳಿಯಾಗಿ ಜೀವಕ್ಕೇ ಬರಬಹುದು. ಮೂತ್ರಪಿಂಡ ಸೋತವರಿಗೂ, ಬಸುರಿಯರಿಗೂ ನಿನ್ನ ಪಥ್ಯ ಹೇಳಲು ಹೋಗಬೇಡ. ನಾಳೆಯೇ ಅಪ್ಪನ ಮಾತ್ರೆಯ ಚೀಟಿ ಹಿಡಿದುಕೊಂಡು, ಅವನನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಹೋಗು.